ಮೊದಲು ತೂಕ ಮಾಡಿ, ಆಮೇಲೆ ಅರ್ಜಿ ಬರೆಯಿರಿ

ಆಹಾರ ಪೋಲಾಗುವುದನ್ನು ತಡೆಯುವ ಕೆಲಸಕ್ಕೆ, ಜೊತೆಗೆ ಪರಿಸರ ಶಿಕ್ಷಣಕ್ಕೆ ಸರ್ಕಾರದಿಂದ ಅನುದಾನ ಪಡೆಯುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಐದಕ್ಕೆ ಉತ್ತರ ಬರೆದಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕಾಯಿತು.

ಪ್ರಶ್ನೆ: ನಮ್ಮದು ಚಿಕ್ಕ ಸಂಸ್ಥೆ. ಒಂದು ಶಾಲೆಯ ಊಟದ ಕೋಣೆಯಲ್ಲಿ ಪೋಲಾಗುವ ಆಹಾರ ಕಡಿಮೆ ಮಾಡಬೇಕು, ಮಕ್ಕಳಿಗೆ ಪರಿಸರ ಪಾಠವನ್ನೂ ಮಾಡಬೇಕು ಅಂತ ಅರ್ಜಿ ಹಾಕಿದ್ದೆವು. ‘ಸಮಸ್ಯೆಯ ಪ್ರಮಾಣ ಸ್ಪಷ್ಟವಾಗಿಲ್ಲ’ ಅಂತ ತಿರಸ್ಕರಿಸಿದರು. ಜಗತ್ತಿನ ಅಂಕಿಅಂಶವನ್ನೆಲ್ಲ ಎರಡು ಪುಟ ತುಂಬಾ ಕೊಟ್ಟಿದ್ದೆವಲ್ಲ?

ಆ ಎರಡು ಪುಟವೇ ತೊಂದರೆ ಮಾಡಿರಬೇಕು. 2022ರಲ್ಲಿ ಅಂಗಡಿ, ಹೋಟೆಲು, ಮನೆ ಎಲ್ಲ ಸೇರಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು, ಜನರಿಗೆ ಸಿಗುವ ಆಹಾರದಲ್ಲಿ ಅದು 19%, ಅದರಲ್ಲೂ 60% ಹೋದದ್ದು ಮನೆಗಳಿಂದಲೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಲೆಕ್ಕ ಇದು. ಅರ್ಜಿ ಪರಿಶೀಲಿಸುವವರಿಗೆ ಇದೆಲ್ಲ ಬಾಯಿಪಾಠ ಆಗಿರುತ್ತದೆ. ಅವರು ಹುಡುಕುವುದು ನಿಮ್ಮ ಊಟದ ಕೋಣೆಯ ಲೆಕ್ಕವನ್ನು. ಜಗತ್ತಿನದು ಒಂದು ಸಾಲು ಸಾಕು.

ನಿಮ್ಮ ಲೆಕ್ಕ ತೆಗೆಯಲು ಒಂದು ತೂಕದ ಯಂತ್ರ, ಮೂರು ಡಬ್ಬ, ಒಂದು ನೋಟ್‌ಬುಕ್ ಇದ್ದರೆ ಆಯಿತು. ಮೊದಲ ಡಬ್ಬಕ್ಕೆ ಅಡುಗೆಗೆ ಮುಂಚೆ ಹೋಗುವ ಸಿಪ್ಪೆ, ತೊಟ್ಟು, ಕೊಳೆತದ್ದು. ಎರಡನೆಯದಕ್ಕೆ ಮಾಡಿಟ್ಟು ಬಡಿಸದೇ ಉಳಿದದ್ದು. ಮೂರನೆಯದಕ್ಕೆ ತಟ್ಟೆಯಲ್ಲಿ ಬಿಟ್ಟ ಎಂಜಲು. ಖಾಲಿ ಡಬ್ಬದ ತೂಕವನ್ನು ಡಬ್ಬದ ಮೇಲೇ ಬರೆದಿಡಿ, ಇಲ್ಲದಿದ್ದರೆ ಕಳೆಯಲು ಮರೆತೇ ಹೋಗುತ್ತದೆ. ಕಾಗದದ ಲೋಟ, ಕೈ ಒರೆಸಿದ ಕಾಗದ, ತಟ್ಟೆ ತೊಳೆದ ನೀರು ಈ ಡಬ್ಬಗಳಲ್ಲಿ ಬೀಳಬಾರದು. ಅವತ್ತು ಎಷ್ಟು ಮಂದಿ ಊಟ ಮಾಡಿದರು ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ. ಈ ಒಂದು ಅಂಕಿ ಇಲ್ಲದಿದ್ದರೆ ಉಳಿದ ಯಾವ ಅಂಕಿಗೂ ಅರ್ಥವಿಲ್ಲ. ಹೀಗೆ ಎರಡು ವಾರವಾದರೂ ಮಾಡಿ. ಮೊದಲ ದಿನ ತೂಕದ ಯಂತ್ರ ನೋಡಿದ ಕೂಡಲೇ ಎಲ್ಲರೂ ಶಿಸ್ತಾಗಿ ತಟ್ಟೆ ಖಾಲಿ ಮಾಡುತ್ತಾರೆ, ಅದನ್ನು ನಂಬಬೇಡಿ.

ಈಗ ಉದಾಹರಣೆಗೆ, 300 ಮಂದಿ ಊಟ ಮಾಡುವ ಕಡೆ ದಿನಕ್ಕೆ ಸರಾಸರಿ 36 ಕಿಲೋ ಬಂತು ಅಂದುಕೊಳ್ಳಿ. ತಲೆಗೆ 120 ಗ್ರಾಂ. ಡಬ್ಬಗಳನ್ನು ಬೇರೆ ಬೇರೆ ನೋಡಿದರೆ ಸಿಪ್ಪೆ 6 ಕಿಲೋ, ಎಂಜಲು 10 ಕಿಲೋ, ಬಡಿಸದೇ ಉಳಿದದ್ದು 20 ಕಿಲೋ. ಇಲ್ಲಿ ಪೋಲು ಮಾಡುತ್ತಿರುವುದು ಮಕ್ಕಳಾ? ಅರ್ಧಕ್ಕಿಂತ ಜಾಸ್ತಿ ಹೋಗುತ್ತಿರುವುದು ಅಂದಾಜಿಗೆ ಅಡುಗೆ ಮಾಡುವುದರಿಂದ. ಎಷ್ಟು ಮಂದಿ ಬಂದಿದ್ದಾರೆ ಅನ್ನುವ ಸಂಖ್ಯೆ ಒಲೆ ಹಚ್ಚುವ ಮುಂಚೆ ಅಡುಗೆಮನೆಗೆ ತಲುಪಿದರೆ ಅದರಲ್ಲಿ ದೊಡ್ಡ ಪಾಲು ಪೋಲಾಗುವುದು ತಪ್ಪುತ್ತದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ. ನೀವು ಮಾತ್ರ ಅರ್ಜಿಯಲ್ಲಿ ಇಡೀ ಹಣವನ್ನು ಮಕ್ಕಳಿಗೆ ಪೋಸ್ಟರ್, ಭಾಷಣ, ಸ್ಪರ್ಧೆ ಅಂತ ಹಂಚಿಟ್ಟಿದ್ದರೆ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ: ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ. ಎಂಜಲಿನ ಡಬ್ಬವೇ ಭಾರವಾಗಿದ್ದರೆ ಶಿಕ್ಷಣಕ್ಕೆ ಹೆಚ್ಚು ಹಣ ಕೇಳಿ, ಆಗ ಅದಕ್ಕೆ ಆಧಾರ ಇರುತ್ತದೆ. ಹಾಗಿದ್ದರೂ ಬಡಿಸುವ ಸೌಟು ದೊಡ್ಡದಾಯಿತಾ, ಊಟದ ಸಮಯ ಕಡಿಮೆ ಆಯಿತಾ ಅಂತ ಒಮ್ಮೆ ನೋಡಿಬಿಡಿ. ಹತ್ತು ನಿಮಿಷದಲ್ಲಿ ತಿಂದು ಏಳಬೇಕಾದ ಮಗು ತಟ್ಟೆಯಲ್ಲಿ ಬಿಡದೇ ಇನ್ನೇನು ಮಾಡುತ್ತದೆ?

ತೂಕ ಸಿಕ್ಕ ಮೇಲೆ ಗುರಿ ಬರೆಯುವುದು ಸುಲಭ. ‘ಜಾಗೃತಿ ಮೂಡಿಸುತ್ತೇವೆ’ ಅನ್ನುವ ಬದಲು ‘ತಲೆಗೆ 120 ಗ್ರಾಂ ಇರುವುದನ್ನು ಒಂದು ವರ್ಷದಲ್ಲಿ 80ಕ್ಕೆ ಇಳಿಸುತ್ತೇವೆ’ ಅನ್ನಬಹುದು. ಅಂಗಡಿ ಮತ್ತು ಬಳಕೆದಾರರ ಹಂತದಲ್ಲಿ ತಲಾ ಪೋಲನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕು ಅನ್ನುವುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 12.3. ನಿಮ್ಮ ಗುರಿಯನ್ನು ಅದರ ಪಕ್ಕದಲ್ಲಿಟ್ಟು ತೋರಿಸಿ. ಲೆಕ್ಕ ಹಾಕುವ ಕ್ರಮಕ್ಕೂ 2016ರಿಂದ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಯಾವ ಅವಧಿಯ ಲೆಕ್ಕ, ತಿನ್ನಬಹುದಾದದ್ದೂ ತಿನ್ನಲಾಗದ ಸಿಪ್ಪೆ ಮೂಳೆಯೂ ಬೇರೆ ಮಾಡಿದ್ದೀರಾ, ಕೊನೆಗೆ ಅದೆಲ್ಲ ಎಲ್ಲಿಗೆ ಹೋಯಿತು, ಯಾವ ಹಂತದ್ದು: ಈ ನಾಲ್ಕನ್ನೂ ಹೇಳಿ ಅನ್ನುತ್ತದೆ ಅದು. ಅರ್ಜಿಯಲ್ಲಿ ನಾಲ್ಕಕ್ಕೂ ಒಂದೊಂದು ಸಾಲು ಬರೆಯಿರಿ.

ಪ್ರಶ್ನೆ: ಅನುದಾನದಲ್ಲಿ ದೊಡ್ಡ ಕಾಂಪೋಸ್ಟ್ ಯಂತ್ರ ತೆಗೆದುಕೊಳ್ಳಬಹುದಾ? ಕಣ್ಣಿಗೆ ಕಾಣುವ ಕೆಲಸ ಅಲ್ವಾ?

ಕಣ್ಣಿಗೆ ಕಾಣುತ್ತದೆ ನಿಜ. ಉದ್ಘಾಟನೆಗೂ ಚೆನ್ನ. ಆದರೆ ಪೋಲು ಕಡಿಮೆ ಮಾಡಲು ಮೀಸಲಿಟ್ಟ ಹಣದಲ್ಲಿ ಬರೀ ಯಂತ್ರ ಕೇಳಿದರೆ ಅಂಕ ಕಡಿಮೆ ಬೀಳುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಹೊಸದಾಗಿ ಹೊರಡಿಸಿದ ಆದ್ಯತಾ ಪಟ್ಟಿಯಲ್ಲಿ ಪೋಲಾಗದಂತೆ ತಡೆಯುವುದು, ಹಸಿದವರಿಗೆ ಕೊಡುವುದು ಮೇಲಿವೆ. ಕಾಂಪೋಸ್ಟ್ ನಡುವೆ ಎಲ್ಲೋ ಬರುತ್ತದೆ. ಚರಂಡಿಗೆ ಬಿಡುವುದು, ಸುಡುವುದು, ಕಸದ ಗುಂಡಿಗೆ ಸುರಿಯುವುದು ಎಲ್ಲಕ್ಕಿಂತ ಕೆಳಗೆ. ಗುಂಡಿಯಲ್ಲಿ ಗಾಳಿಯಿಲ್ಲದೆ ಕೊಳೆತ ಆಹಾರ ಮೀಥೇನ್ ಬಿಡುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿಯೇರಿಸುವ ಅನಿಲ. ಕಾಂಪೋಸ್ಟ್ ಮಾಡಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ, ಒಪ್ಪಿದೆ. ಆದರೆ ಬೆಳೆಯಲು ಹಾಕಿದ ನೀರು, ಸಾಗಿಸಲು ಸುಟ್ಟ ಇಂಧನ, ಬೇಯಿಸಿದ ಗ್ಯಾಸು ಯಾವುದೂ ಗೊಬ್ಬರದಿಂದ ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು. ಒಂದೇ ದಿನದಲ್ಲಿ ಗೊಬ್ಬರ ಅಂತ ಮಾರುವ ಎಷ್ಟೋ ವಿದ್ಯುತ್ ಯಂತ್ರಗಳು ಹಸಿ ಕಸವನ್ನು ಒಣಗಿಸಿ ಪುಡಿ ಮಾಡುತ್ತವೆ, ಅಷ್ಟೇ. ಆ ಪುಡಿಗೆ ನೀರು ತಾಗಿದರೆ ಮತ್ತೆ ಕೊಳೆಯಲು ಶುರು. ಸಿಪ್ಪೆಯಂಥ ಉಳಿಕೆಗೆ ಸಾದಾ ಕಾಂಪೋಸ್ಟ್ ತೊಟ್ಟಿ ಸಾಕು. ಇಂಗಾಲ ಮತ್ತು ಸಾರಜನಕ 25ರಿಂದ 30ಕ್ಕೆ 1ರಂತೆ ಇದ್ದರೆ ಚೆನ್ನಾಗಿ ಆಗುತ್ತದೆ. ಅಂದರೆ ಹಸಿ ಕಸದ ಜೊತೆ ಒಣ ಎಲೆ ಧಾರಾಳವಾಗಿ ಹಾಕಬೇಕು, ಆಗಾಗ ಮಗುಚಬೇಕು. ಯಂತ್ರ ಬೇಕೇ ಬೇಕು ಅಂದರೆ ಅನುದಾನ ಮುಗಿದ ಮೇಲೆ ಕರೆಂಟ್ ಬಿಲ್ಲು, ರಿಪೇರಿ ಯಾರದ್ದು ಅಂತ ಅರ್ಜಿಯಲ್ಲೇ ಬರೆಯಿರಿ. ಉತ್ತರ ಇಲ್ಲದಿದ್ದರೆ ಕೇಳಬೇಡಿ.

ಪ್ರಶ್ನೆ: ಪರಿಸರ ಶಿಕ್ಷಣದ ಫಲಿತಾಂಶವನ್ನು ಅಳೆಯುವುದು ಹೇಗೆ? ‘500 ಮಕ್ಕಳು ಭಾಗವಹಿಸಿದರು’ ಅಂದರೆ ಸಾಲದಾ?

ಸಾಲದು. ಅದು ಹಾಜರಿ ಮಾತ್ರ. ಪರಿಸರ ಶಿಕ್ಷಣದ ಬಗ್ಗೆ 1977ರಲ್ಲಿ ಈಗಿನ ಜಾರ್ಜಿಯಾ ದೇಶದ ಟಿಬಿಲಿಸಿ ನಗರದಲ್ಲಿ ನಡೆದ ಸಮ್ಮೇಳನ ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಅಂತ ಐದು ಉದ್ದೇಶ ಹೇಳಿತು. ಹೆಚ್ಚಿನ ಅರ್ಜಿಗಳು ಮೊದಲ ಎರಡರಲ್ಲೇ ನಿಂತುಬಿಡುತ್ತವೆ. ಕೊನೆಯ ಎರಡನ್ನು ತೋರಿಸಲು ಸುಲಭದ ದಾರಿ ಇದೆ: ತೂಕ ಮಾಡುವ ಕೆಲಸವನ್ನೇ ಮಕ್ಕಳಿಗೆ ಕೊಡಿ. ಅವರೇ ಡಬ್ಬ ತೂಗಲಿ, ಅವರೇ ಸರಾಸರಿ ತೆಗೆಯಲಿ, ಗೋಡೆಯ ಮೇಲೆ ಗ್ರಾಫ್ ಬರೆಯಲಿ, ಯಾವ ದಿನ ಜಾಸ್ತಿ ಹೋಯಿತು, ಯಾಕೆ ಅಂತ ಅಡುಗೆಯವರನ್ನು ಕೇಳಲಿ. ಗಣಿತ, ವಿಜ್ಞಾನ, ಪರಿಸರ ಮೂರೂ ಅದರಲ್ಲೇ ಬರುತ್ತವೆ. ಶಿಕ್ಷಕರಿಗೂ ಹೆಚ್ಚುವರಿ ಪಾಠ ಅನ್ನಿಸುವುದಿಲ್ಲ. ಆದರೆ ಯಾವ ತರಗತಿ ಎಷ್ಟು ಬಿಟ್ಟಿತು ಅಂತ ಸ್ಪರ್ಧೆ ಇಡಬೇಡಿ. ಹೊಟ್ಟೆ ತುಂಬಿದ ಮೇಲೂ ಒತ್ತಾಯಕ್ಕೆ ತಿನ್ನುವುದನ್ನು, ಇಲ್ಲವೇ ಬೈಸಿಕೊಳ್ಳಬಾರದು ಅಂತ ಬಚ್ಚಿಡುವುದನ್ನು ಮಕ್ಕಳು ಕಲಿತರೆ ನಿಮ್ಮ ಅಂಕಿ ಚೆನ್ನಾಗಿ ಕಾಣುತ್ತದೆ, ಕೆಲಸ ಮಾತ್ರ ಕೆಡುತ್ತದೆ.

ಯೋಜನೆ ಮುಗಿದು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಒಂದು ವಾರ ತೂಕ ಮಾಡುತ್ತೇವೆ ಅಂತ ಅರ್ಜಿಯಲ್ಲಿ ಸೇರಿಸಿ. ಇದನ್ನು ಬರೆಯುವವರು ಕಡಿಮೆ, ಹಾಗಾಗಿ ಓದುವವರ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಉಳಿದ ಊಟವನ್ನು ಬೇರೆಯವರಿಗೆ ತಲುಪಿಸುವ ಯೋಜನೆಗೆ ಹಣ ಸಿಗುತ್ತದಾ? ಯಾರಿಗಾದರೂ ಹೊಟ್ಟೆ ಕೆಟ್ಟರೆ?

ಇಂಥ ಕೆಲಸಕ್ಕೆ ಹಣ ಕೊಡುವ ಯೋಜನೆಗಳಿವೆ. ಭಯವೂ ಸರಿಯೇ. ಬಡಿಸದೇ ಉಳಿದದ್ದನ್ನು ಮಾತ್ರ ಕೊಡಿ, ತಟ್ಟೆಗೆ ಹೋದದ್ದನ್ನು ಯಾವ ಕಾರಣಕ್ಕೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಸರಳ: ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ. ಅದಕ್ಕೇ ಬಜೆಟ್‌ನಲ್ಲಿ ವಾಹನಕ್ಕಿಂತ ಮೊದಲು ಥರ್ಮಾಮೀಟರ್, ಬಿಸಿ ಹಿಡಿಯುವ ಪೆಟ್ಟಿಗೆ, ಸಿಬ್ಬಂದಿ ತರಬೇತಿ ಬರಲಿ. ದಾನ ಕೊಟ್ಟವರ ಹೊಣೆ ಎಲ್ಲಿಯವರೆಗೆ ಅನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ನಿಮ್ಮಲ್ಲಿನ ಆಹಾರ ಸುರಕ್ಷತಾ ಇಲಾಖೆಯ ನಿಯಮ ನೋಡಿಯೇ ಮುಂದುವರಿಯಿರಿ.

ಪ್ರಶ್ನೆ: ಅನುದಾನ ಮಂಜೂರಾಯಿತು ಅಂತ ಪತ್ರ ಬಂತು. ಹಣ ಬಂದಿಲ್ಲ. ಕೆಲಸ ಶುರು ಮಾಡಲಾ?

ಪತ್ರವನ್ನು ಪೂರ್ತಿ ಓದಿ, ಅದರಲ್ಲೂ ಷರತ್ತಿನ ಪುಟಗಳನ್ನು. ಅನೇಕ ಸರ್ಕಾರಿ ಅನುದಾನಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ಅವರು ಹಣ ಕೊಡುತ್ತಾರೆ. ಕೆಲವು ಕಡೆ ಕಂತು. ಇನ್ನು ಕೆಲವು ಕಡೆ ಒಂದು ಪಾಲು ನೀವೇ ಹಾಕಬೇಕು, ಸ್ವಯಂಸೇವಕರು ದುಡಿದ ಸಮಯವನ್ನು ಆ ಪಾಲಿಗೆ ಸೇರಿಸಿಕೊಳ್ಳಲು ಬಿಡುವುದೂ ಉಂಟು, ಆದರೆ ಸಹಿ ಇರುವ ಹಾಜರಿ ಪುಸ್ತಕ ಬೇಕಾಗುತ್ತದೆ. ಒಪ್ಪಂದದಲ್ಲಿರುವ ಆರಂಭದ ದಿನಾಂಕಕ್ಕೆ ಮುಂಚೆ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಸುಮ್ನೆ ಉತ್ಸಾಹಕ್ಕೆ ಸಾಮಾನು ತರಬೇಡಿ. ಈ ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆ ಅಥವಾ ಕನಿಷ್ಠ ಬೇರೆ ಲೆಕ್ಕದ ಪುಸ್ತಕ ಇಡಿ. ಒಂದು ಬಾಬ್ತಿಗೆ ಕೊಟ್ಟ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಖರ್ಚಿಗೆ ಮುಂಚೆ ಲಿಖಿತ ಅನುಮತಿ ತೆಗೆದುಕೊಳ್ಳಿ, ಫೋನಿನಲ್ಲಿ ‘ಆಗಬಹುದು’ ಅಂದದ್ದು ಆಡಿಟ್‌ನಲ್ಲಿ ನಿಲ್ಲುವುದಿಲ್ಲ.