ಕೊಳಚೆ ನೀರಿನ ಹಸಿರು ನೋಡಿ ಮಣ್ಣು ಚೆನ್ನಾಗಿದೆ ಅನ್ನಬೇಡಿ

ಸರ್, ಎರಡು ವರ್ಷದಿಂದ ಕೊಳಚೆ ನೀರು ಹಾಯಿಸುತ್ತಿದ್ದೇನೆ, ಬೆಳೆ ಕಡುಹಸಿರಾಗಿದೆ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಒಳ್ಳೆಯದೇ ಅಲ್ವಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಹೌದು. ಆ ನೀರಿನಲ್ಲಿ ಸಾರಜನಕ, ರಂಜಕ, ಸಾವಯವ ಪದಾರ್ಥ ಎಲ್ಲ ಇದೆ. ಆಹಾರ ಸಿಕ್ಕರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಆದರೆ ಹೆಚ್ಚಾಗಿದ್ದು ಯಾವುದು, ಕಡಿಮೆಯಾಗಿದ್ದು ಯಾವುದು ಅಂತ ನೋಡಬೇಕು. ರಂಜಕ ಜಾಸ್ತಿಯಾದ ಮಣ್ಣಿನಲ್ಲಿ ಬೇರಿನ ಜೊತೆ ಬದುಕುವ ಮೈಕೋರೈಜಾ ಶಿಲೀಂಧ್ರ ಕುಗ್ಗುತ್ತದೆ.

ನನಗೆ ನಿಜವಾದ ಭಯ ಕಾರ್ಖಾನೆ ನೀರು ಸೇರಿದ ಕಾಲುವೆಗಳದ್ದು. ಕ್ಯಾಡ್ಮಿಯಂ, ಸತು, ನಿಕಲ್, ತಾಮ್ರ ಕೊಳೆತು ಹೋಗುವ ವಸ್ತುಗಳಲ್ಲ. ವರ್ಷ ವರ್ಷ ಮೇಲ್ಮಣ್ಣಿನಲ್ಲೇ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನ ವೋಬರ್ನ್‌ನಲ್ಲಿ ಒಂದು ಪ್ರಯೋಗ ತಾಕಿಗೆ 1942ರಿಂದ 1961ರವರೆಗೆ ಕೊಳಚೆಯ ಕೆಸರು ಹಾಕಿದ್ದರು. ನೀರಲ್ಲ, ಕೆಸರು, ಹಾಗಾಗಿ ಲೋಹದ ಪ್ರಮಾಣ ಜಾಸ್ತಿ. ಆದರೂ ಪಾಠ ಒಂದೇ. ಹಾಕುವುದು ನಿಲ್ಲಿಸಿ 20 ವರ್ಷ ದಾಟಿದ ಮೇಲೂ ಅಲ್ಲಿನ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡದ ಬೇರಿನ ಗಂಟುಗಳು ಸಣ್ಣವಾಗಿದ್ದವು, ಗಾಳಿಯ ಸಾರಜನಕ ಹಿಡಿಯುತ್ತಿರಲಿಲ್ಲ. ಗಂಟಿನೊಳಗೆ ಕೂತು ಆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅಂದರೆ ರೈಜೋಬಿಯಂ, ಕೆಲಸ ಮಾಡುವಂಥದ್ದು ಅಲ್ಲಿ ಉಳಿದಿರಲಿಲ್ಲ.

ಮನೆ ಬಳಕೆಯ ನೀರಾದರೆ ಸೋಡಿಯಂ ಕಡೆ ಗಮನ ಕೊಡಿ. ಅದು ಜೇಡಿಯ ಕಣ ಬಿಡಿಸಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಗಾಳಿ ಆಡದ ಕಡೆ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡು ನೈಟ್ರೇಟನ್ನು ಅನಿಲವಾಗಿ ಹಾರಿಸಿಬಿಡುತ್ತವೆ.

ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಯಾವುದಾದರೂ ದ್ವಿದಳ ಬೆಳೆಯನ್ನು ಹೂ ಬಿಡುವಾಗ ಮೆಲ್ಲಗೆ ಅಗೆದು ಬೇರಿನ ಗಂಟು ಸೀಳಿ. ಒಳಗೆ ಕೆಂಪು ಅಥವಾ ಗುಲಾಬಿ ಇದ್ದರೆ ರೈಜೋಬಿಯಂ ಕೆಲಸ ಮಾಡುತ್ತಿದೆ. ಗಂಟೇ ಇಲ್ಲದಿದ್ದರೆ ತಕ್ಷಣ ಲೋಹ ಅಂತ ತೀರ್ಮಾನಿಸಬೇಡಿ, ಸಾರಜನಕ ಜಾಸ್ತಿಯಾದರೂ ಗಂಟು ಕಟ್ಟುವುದಿಲ್ಲ. ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇರುವ ನೀರನ್ನು ಎಕರೆಗೆ 20 ಲಕ್ಷ ಲೀಟರ್ ಹಾಯಿಸಿದರೆ 80 ಕಿಲೋ ಸಾರಜನಕ ಹಾಕಿದಂತೆ. ಅದರ ಮೇಲೆ ಯೂರಿಯಾ ಯಾಕೆ ಹೇಳಿ?

ಮೊದಲು ನೀರು, ಮಣ್ಣು ಎರಡನ್ನೂ ಲ್ಯಾಬಿಗೆ ಕೊಡಿ. ಇಸಿ (ಉಪ್ಪಿನಂಶದ ಅಳತೆ), ಎಸ್‌ಎಆರ್ (ಸೋಡಿಯಂ ಪಾಲಿನ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ), ಭಾರ ಲೋಹ ಇಷ್ಟು ಕೇಳಿ. ನೀರಿನ ಇಸಿ ಮೀಟರಿಗೆ 0.7 ಡೆಸಿಸೀಮನ್ಸ್‌ಗಿಂತ (dS/m) ಕಡಿಮೆಯಿದ್ದರೆ ಉಪ್ಪಿನ ಚಿಂತೆ ಬೇಡ, 3 ದಾಟಿದರೆ ತೊಂದರೆ ಖಚಿತ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ ಪಿಎಚ್ 6.5ರ ಮೇಲೆ ಇಡಿ, ಆಗ ಕ್ಯಾಡ್ಮಿಯಂ, ಸತು ಅಷ್ಟು ಸುಲಭವಾಗಿ ಕರಗುವುದಿಲ್ಲ. ನೀರನ್ನು ಹೊಂಡದಲ್ಲಿ ತಂಗಿಸಿ ಹಾಯಿಸಿ, ಸಾಧ್ಯವಾದರೆ ನಡುನಡುವೆ ಒಳ್ಳೆಯ ನೀರು ಕೊಡಿ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಮಾತ್ರ ಈ ನೀರು ದಯವಿಟ್ಟು ಬೇಡ.

ಲೋಹ ಮಿತಿ ಮೀರಿದೆ ಅಂತ ವರದಿ ಬಂದರೆ ಅವತ್ತೇ ನೀರು ನಿಲ್ಲಿಸಿ. ಜೈವಿಕ ಗೊಬ್ಬರದ ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಲೋಹವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಯಾವುದೂ ಇಲ್ಲ.