ಬ್ಯಾಟರಿಯನ್ನು ಬೈಯುವ ಮುನ್ನ ರೆಗ್ಯುಲೇಟರ್‌ನಿಂದ ಬ್ಯಾಟರಿಯವರೆಗಿನ ದಾರಿ ನೋಡಿ
ಎರಡನೆಯ ಬ್ಯಾಟರಿಯೂ ಖಾಲಿಯಾಗುತ್ತಿದೆ ಎಂದು ಈ ಬೈಕ್ ಫೋರಂನಲ್ಲಿ ಬರೆದಿದ್ದೀರಲ್ಲ, ಅದಕ್ಕೆ ನನ್ನ ಉತ್ತರ ಇದು. ಎಂಜಿನ್ ಓಡುವಾಗ ಅದರೊಳಗಿನ ಸ್ಟೇಟರ್ ಎಂಬ ಕಾಯಿಲ್ ಎಸಿ ಕರೆಂಟ್ ಹುಟ್ಟಿಸುತ್ತದೆ, ರೆಗ್ಯುಲೇಟರ್ ಅದನ್ನು ಡಿಸಿ ಮಾಡಿ, ವೋಲ್ಟೇಜ್ ಹಿಡಿತದಲ್ಲಿಟ್ಟು ಬ್ಯಾಟರಿಗೆ ಕಳಿಸುತ್ತದೆ. ಮೊದಲು ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ನೋಡುವುದನ್ನು ಇಂದೇ ನಿಲ್ಲಿಸಿ. "ಬಿಚ್ಚಿದರೂ ಬೈಕ್ ನಿಲ್ಲಲಿಲ್ಲ, ಹಾಗಾಗಿ ಚಾರ್ಜಿಂಗ್ ಸರಿಯಿದೆ, ಎರಡನೆಯ ಬ್ಯಾಟರಿಯೂ ಕಳಪೆ" ಎಂದು ಬರೆದಿದ್ದೀರಿ. ನಾನೂ ಹಿಂದೆ ಹೀಗೆಯೇ ಮಾಡುತ್ತಿದ್ದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಹಿಡಿತ ತಪ್ಪಿ ಜಿಗಿಯುತ್ತದೆ. ಹಳೆಯ ಕಾರ್ಬ್ಯುರೇಟರ್ ಬೈಕ್ ಆದರೆ ಒಂದೆರಡು ಬಲ್ಬ್ ಹೋಗಿ ಮುಗಿಯಬಹುದು. ನಿಮ್ಮದು ಬಿಎಸ್6 (ಹೊಸ ಹೊಗೆ ನಿಯಮದ ಬೈಕ್), ಅದರ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟರೆ ಬ್ಯಾಟರಿಯ ಖರ್ಚು ಏನೂ ಅಲ್ಲ ಎನಿಸುತ್ತದೆ.

ಎರಡನೆಯದು, ನಿಮ್ಮ ಫೋಟೋದಲ್ಲಿ ಮೀಟರ್ ತೋರಿಸುತ್ತಿರುವ 12.9 ವೋಲ್ಟ್. ಅದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವಾಗ, ತೆಗೆದದ್ದು. 2017ರ ಏಪ್ರಿಲ್‌ನಿಂದ ಬಂದ ಬೈಕ್‌ಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಅದು ಸದಾ ಕರೆಂಟ್ ಎಳೆಯುತ್ತಿರುತ್ತದೆ, ಹಾಗಾಗಿ ಐಡಲ್‌ನಲ್ಲಿ ಅಷ್ಟೇ ಬಂದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಆರ್‌ಪಿಎಂ 4000-5000ಕ್ಕೆ ಏರಿಸಿ, ಬ್ಯಾಟರಿ ಟರ್ಮಿನಲ್ ಮೇಲೆಯೇ ನೋಡಿ. 13.8ರಿಂದ 14.5ರ ಆಸುಪಾಸು ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ ಅಥವಾ ಅದರ ಅರ್ಥ್ ಸಡಿಲವಾಗಿದೆ. 13.5 ಮುಟ್ಟದಿದ್ದರೆ ಮುಂದೆ ಓದಿ. ಅದಕ್ಕೂ ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು 12.6ರ ಮೇಲೆ ನಿಲ್ಲುತ್ತದೆಯೇ ನೋಡಿಕೊಳ್ಳಿ. ಅರೆಜೀವದ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯನ್ನೂ ನಂಬಲಾಗದು.

ಇಲ್ಲಿ ಎಲ್ಲರೂ ನೇರವಾಗಿ "ಸ್ಟೇಟರ್ ಹೋಗಿದೆ" ಎಂದು ಉತ್ತರಿಸಿದ್ದಾರೆ. ಯಾರೊಬ್ಬರೂ ವೋಲ್ಟೇಜ್ ಡ್ರಾಪ್, ಅಂದರೆ ತಂತಿ ಮತ್ತು ಜೋಡಣೆಗಳಲ್ಲಿ ದಾರಿಯಲ್ಲೇ ಕಳೆದುಹೋಗುವ ವೋಲ್ಟ್, ನೋಡಲು ಹೇಳಿಲ್ಲ. ನಾನು ಯಾವ ಬೈಕ್ ಬಂದರೂ ಮೊದಲು ಮಾಡುವುದು ಅದನ್ನೇ. ಮೀಟರ್ ಡಿಸಿ 2 ವೋಲ್ಟ್ ರೇಂಜ್‌ನಲ್ಲಿರಲಿ. ಕೆಂಪು ಪ್ರೋಬ್ ರೆಗ್ಯುಲೇಟರ್‌ನ ಪಾಸಿಟಿವ್ ಔಟ್‌ಪುಟ್ ಪಿನ್‌ಗೆ, ಕಪಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಬಿಚ್ಚದೆ ಹಿಂಬದಿಯಿಂದ ತೂರಿಸಿ. ಕಪ್ಪು ಪ್ರೋಬ್ ಬ್ಯಾಟರಿಯ ಪಾಸಿಟಿವ್‌ಗೆ. ಹೌದು, ಎರಡೂ ಪಾಸಿಟಿವ್‌ಗೇ. ಎಂಜಿನ್ 4000ದಲ್ಲಿ ಓಡಲಿ. 0.2, ಹೆಚ್ಚೆಂದರೆ 0.3 ವೋಲ್ಟ್ ಬರಬೇಕು. ಆಮೇಲೆ ನೆಗೆಟಿವ್ ಕಡೆ, ರೆಗ್ಯುಲೇಟರ್‌ನ ನೆಗೆಟಿವ್ ಪಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಇದನ್ನೇ ಮಾಡಿ.

ನನ್ನ ಹಳೆಯ ಬೈಕ್‌ನಲ್ಲಿ ಸ್ಟೇಟರ್ ಕಾಯಿಲ್ ಬದಲಾಯಿತು, ರೆಗ್ಯುಲೇಟರ್ ಬದಲಾಯಿತು, ಬ್ಯಾಟರಿಯಲ್ಲಿ ಮಾತ್ರ 13.2ರ ಮೇಲೆ ಏರಲಿಲ್ಲ. ಈ ಡ್ರಾಪ್ ನೋಡಿದಾಗ ಪಾಸಿಟಿವ್ ದಾರಿಯಲ್ಲಿ 0.9 ವೋಲ್ಟ್ ಸೋರಿಹೋಗುತ್ತಿತ್ತು. ರೆಗ್ಯುಲೇಟರ್ ತನ್ನ ಬಾಯಲ್ಲಿ 14.1 ಸರಿಯಾಗಿಯೇ ಕೊಡುತ್ತಿತ್ತು. ಕಪಲರ್ ಹೊರಗಿನಿಂದ ಹೊಸದರಂತೆ ಕಾಣುತ್ತಿತ್ತು. ಬಿಚ್ಚಿ ಟಾರ್ಚ್ ಬಿಟ್ಟಾಗ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿ ಒಳಕ್ಕೆ ಕುಸಿದಿತ್ತು. ತಂತಿಯ ಸಿಪ್ಪೆ ಅರ್ಧ ಇಂಚು ಸುಲಿದರೆ ಒಳಗೆ ತಾಮ್ರವೆಲ್ಲ ಹಸಿರು. ಮಲೆನಾಡಿನ ಮಳೆಯಲ್ಲಿ ನಿಲ್ಲುವ ಬೈಕ್‌ಗಳಿಗೆ ಇದು ತಪ್ಪಿದ್ದಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಒಳ್ಳೆಯ ಪಿನ್ ಕ್ರಿಂಪ್ ಮಾಡಿ (ಇಕ್ಕಳದಿಂದ ತಂತಿಗೆ ಒತ್ತಿ ಕೂರಿಸಿ), ಸೀಲ್ ಇರುವ ಕಪಲರ್ ಹಾಕಿ. ತಂತಿ ತಿರುಚಿ ಟೇಪ್ ಸುತ್ತುವವರ ಕೈಗೆ ಮಾತ್ರ ಬೈಕ್ ಕೊಡಬೇಡಿ.

ಡ್ರಾಪ್ ಸರಿಯಿದ್ದರೆ ಆಗ ಸ್ಟೇಟರ್. ಸ್ಟೇಟರ್‌ನಿಂದ ಬರುವ ಮೂರು ಹಳದಿ ತಂತಿಗಳ ಕಪಲರ್ ಬಿಚ್ಚಿ (ಎಲ್ಲ ಬೈಕ್‌ನಲ್ಲಿ ಹಳದಿಯೇ ಇರುವುದಿಲ್ಲ, ವೈರಿಂಗ್ ಡಯಾಗ್ರಾಮ್ ನೋಡಿ), ಯಾವ ತಂತಿಯಿಂದಲೂ ಎಂಜಿನ್ ಬಾಡಿಗೆ ಕಂಟಿನ್ಯುಟಿ (ಕರೆಂಟ್ ಹರಿಯುವ ಸಂಪರ್ಕ) ಬರಬಾರದು. ಬಂದರೆ ಕಾಯಿಲ್ ಸುಟ್ಟಿದೆ, ಚರ್ಚೆಯೇ ಬೇಡ. ನಂತರ ಎಂಜಿನ್ ಓಡಿಸಿ, ಆ ತಂತಿಗಳಲ್ಲಿ ಎರಡೆರಡರ ನಡುವೆ ಎಸಿ ವೋಲ್ಟ್ ನೋಡಿ. 5000 ಆರ್‌ಪಿಎಂನಲ್ಲಿ ಸಾಮಾನ್ಯವಾಗಿ 50-70 ವೋಲ್ಟ್ ಇರುತ್ತದೆ, ಬರಿಗೈ ತಾಗಿಸಬೇಡಿ. ಅಂಕಿಗಿಂತ ಮುಖ್ಯವಾದದ್ದು ಮೂರೂ ಜೋಡಿ ಸಮ ಬರುವುದು. ಇದನ್ನು ಅರ್ಧ ಗಂಟೆ ಓಡಿಸಿ ಬಂದ ಮೇಲೆ ಮಾಡಿ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದಾಗ ಇನ್ಸುಲೇಷನ್ ಕೈಬಿಡುವ ಕಾಯಿಲ್‌ಗಳು ಬಹಳ. ಕಾಯಿಲ್‌ನ ಓಮ್ಸ್ (ರೆಸಿಸ್ಟೆನ್ಸ್) ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ. ಅಲ್ಲಿರುವುದೇ ಒಂದು ಓಮ್‌ಗಿಂತ ಕಡಿಮೆ, ಪ್ರೋಬ್ ತಂತಿಯದ್ದೇ ಹತ್ತಿರ ಹತ್ತಿರ ಅಷ್ಟಿರುತ್ತದೆ.

ರೆಗ್ಯುಲೇಟರ್‌ಗೆ ಮೀಟರ್‌ನಲ್ಲಿ ಡಯೋಡ್ ಟೆಸ್ಟ್ (ಒಳಗಿನ ಡಯೋಡ್‌ಗಳು ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತವೆಯೇ ಎಂಬ ಪರೀಕ್ಷೆ) ಮಾಡಬಹುದು. ಫೇಲಾದರೆ ಖಂಡಿತ ಹೋಗಿದೆ, ಪಾಸಾದರೆ ಸರಿಯಿದೆ ಎಂದಲ್ಲ.

ಮೀಟರ್ ಬಗ್ಗೆಯೂ ಹೇಳಬೇಕು. ನಿಮ್ಮ ಕೈಯಲ್ಲಿರುವ ಹಳದಿ ಡಿಟಿ-830 ವೋಲ್ಟ್ ನೋಡಲು ಸಾಕು, ಆದರೆ ಒಳಗಿನ 9 ವೋಲ್ಟ್ ಸೆಲ್ ಇಳಿದಾಗ ಅದು ಹೆಚ್ಚು ಅಂಕಿ ತೋರಿಸುತ್ತದೆ. ಮೊದಲು ಸೆಲ್ ಬದಲಿಸಿ. ಅದರ 10 ಆಂಪಿಯರ್ ಸಾಕೆಟ್‌ಗೆ ಫ್ಯೂಸ್ ಇಲ್ಲ, ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಪ್ರೋಬ್ ಅಲ್ಲಿ ಬಿಟ್ಟು ಬ್ಯಾಟರಿಗೆ ತಾಗಿಸಿದರೆ ನೇರ ಶಾರ್ಟ್. ನನಗೆ ಮಾಸ್ಟೆಕ್, ಮೆಕೊ ಕಂಪನಿಗಳ ಮೀಟರ್ ಹಿಡಿಸಿವೆ. ಮನೆಯ ಕೆಲಸಕ್ಕೆ ದುಬಾರಿ ಫ್ಲೂಕ್ ಬೇಕಿಲ್ಲ.

ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೇನೆ ಎಂದಿರಿ. ಅದು ಕೀ ತೆಗೆದ ಮೇಲೂ ಕರೆಂಟ್ ಎಳೆಯಬಹುದು. ಕೀ ತೆಗೆದು, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರ್ ಇಟ್ಟು ಕರೆಂಟ್ ನೋಡಿ. ಮೊದಲು ದೊಡ್ಡ ರೇಂಜ್, ಆಮೇಲೆ ಮಿಲಿಆಂಪಿಯರ್. ಆ ಸ್ಥಿತಿಯಲ್ಲಿ ಸೆಲ್ಫ್ ಒತ್ತಿದರೆ ಮೀಟರ್ ಸತ್ತಂತೆ. ಕೆಲವು ಮಿಲಿಆಂಪಿಯರ್ ಸಹಜ. 30-40 ಇದ್ದರೆ ವಾರಗಟ್ಟಲೆ ನಿಂತ ಬೈಕ್‌ನ ಬ್ಯಾಟರಿ ತಾನೇ ಖಾಲಿಯಾಗುತ್ತದೆ, ಚಾರ್ಜಿಂಗ್ ಮೇಲೆ ಗೂಬೆ ಕೂರಿಸಬೇಡಿ. ಎಲ್‌ಇಡಿ ಹಾಕಿದರೆ ಸ್ಟೇಟರ್‌ಗೆ ಹೊರೆ ಇಳಿಯುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಶಂಟ್ ಎಂಬ ಬಗೆಯ ರೆಗ್ಯುಲೇಟರ್ ಇದ್ದರೆ ಇಳಿಯುವುದಿಲ್ಲ, ಉಳಿದ ಕರೆಂಟನ್ನು ಅದು ಶಾರ್ಟ್ ಮಾಡಿಯೇ ಕಳೆಯುತ್ತದೆ.

5000ದಲ್ಲಿ ಬ್ಯಾಟರಿ ವೋಲ್ಟೇಜ್, ಎರಡೂ ಕಡೆಯ ಡ್ರಾಪ್, ಬಿಸಿ ಎಂಜಿನ್‌ನಲ್ಲಿ ಮೂರು ಎಸಿ ಅಂಕಿ, ಕೀ ತೆಗೆದಾಗಿನ ಕರೆಂಟ್, ಇಷ್ಟನ್ನು ಇಲ್ಲೇ ಕೆಳಗೆ ಬರೆಯಿರಿ. ಅಲ್ಲಿಯವರೆಗೆ ಮೂರನೆಯ ಬ್ಯಾಟರಿಗೆ ದುಡ್ಡು ಕೊಡಬೇಡಿ.