ಕಸಿ ಮಾಡಿದ ಜೀವಕೋಶಗಳು ದೇಹದಲ್ಲಿ ಎಲ್ಲಿವೆ ಎಂಬುದನ್ನು ನ್ಯಾನೋಕಣಗಳಿಂದ ತಿಳಿಯುವುದು ಹೇಗೆ?

ಕೋಶಗಳನ್ನು ದೇಹಕ್ಕೆ ಸೇರಿಸುವ ಮೊದಲೇ ಪ್ರಯೋಗಾಲಯದಲ್ಲಿ ಅವುಗಳಿಗೆ ಕಬ್ಬಿಣದ ಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳನ್ನು ಉಣಿಸಿ, ಆಮೇಲೆ ಎಂಆರ್‌ಐ ಸ್ಕ್ಯಾನ್‌ನಲ್ಲಿ ಆ ಕಣಗಳ ಗುರುತನ್ನು ಹುಡುಕಲಾಗುತ್ತದೆ. ನಮ್ಮ ಚಳ್ಳಕೆರೆ ಕಡೆಯ ಕುರಿಗಾಹಿಗಳು, ಮಂದೆಗಳು ಬೆರೆತರೂ ತಮ್ಮವು ತಿಳಿಯಲೆಂದು ಕುರಿಗಳ ಮೈಗೆ ಬಣ್ಣ ಹಚ್ಚುವುದು ಇದಕ್ಕೆ ಹತ್ತಿರದ ಹೋಲಿಕೆ.

ಎಂಆರ್‌ಐ ಚಿತ್ರ ಮೂಡುವುದು ಮುಖ್ಯವಾಗಿ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳು ಕಾಂತಕ್ಷೇತ್ರದಲ್ಲಿ ಕೊಡುವ ಸಂಕೇತದಿಂದ. ಕಬ್ಬಿಣದ ಕಣವು ಆ ಕ್ಷೇತ್ರದಲ್ಲಿ ತಾನೇ ಪುಟ್ಟ ಆಯಸ್ಕಾಂತವಾಗಿ ಸುತ್ತಲಿನ ಕ್ಷೇತ್ರವನ್ನು ಕದಡುವುದರಿಂದ ಅಲ್ಲಿ ಸಂಕೇತ ಬೇಗ ಕುಂದಿ, ಕೋಶಗಳು ಗುಂಪುಗೂಡಿದ ಜಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. 2005ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ರೋಗಿಗಳ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ದುಗ್ಧರಸ ಗ್ರಂಥಿಗೆ ಚುಚ್ಚಿದ ರೋಗನಿರೋಧಕ ಕೋಶಗಳು ಕೆಲವರಲ್ಲಿ ಗುರಿ ತಪ್ಪಿ ಪಕ್ಕದಲ್ಲಿ ಬಿದ್ದಿದ್ದುದು ತಿಳಿದದ್ದು ಹೀಗೆಯೇ; ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಉಪಯೋಗ ಇದು.

ಆದರೆ ಚುಕ್ಕೆ ಕಂಡ ಮಾತ್ರಕ್ಕೆ ಕೋಶ ಬದುಕಿದೆ ಎನ್ನಲಾಗದು: ಸತ್ತ ಕೋಶವನ್ನು ದೇಹದ ಭಕ್ಷಕಕೋಶಗಳು ನುಂಗಿದಾಗ ಕಣಗಳೂ ಅವುಗಳ ಪಾಲಾಗುತ್ತವೆ. ಕೋಶ ವಿಭಜನೆಯಾದಂತೆಲ್ಲ ಕಣಗಳು ಹಂಚಿಹೋಗಿ ಗುರುತು ಮಸುಕಾಗುವುದೂ ಉಂಟು.